ಹುಲಿಮೋರೆಯ ಫಿರಂಗಿ ಎಳೆದವರು ಯಾರು?

ಟಿಪ್ಪುವಿನ ಕಂಚಿನ ಫಿರಂಗಿಯ ಬಾಯಿಗೆ ಹುಲಿಯ ಮೋರೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರು ಎಣಿಸಿದ ತೋಪುಗಳು 929. ಅರ್ಧದಷ್ಟು ಕಬ್ಬಿಣದವು. ಕಂಚಿನವುಗಳಲ್ಲಿ ಕೆಲವು ಹಡಗು ಹತ್ತಿದವು. ವೇಲ್ಸ್‌ನ ಪೊವಿಸ್ ಕೋಟೆಯಲ್ಲಿ ಅಂಥವಿವೆ. ಇನ್ನೊಂದು 2015ರ ಏಪ್ರಿಲ್‌ನಲ್ಲಿ ಲಂಡನ್ನಿನ ಹರಾಜಿನಲ್ಲಿ ಹದಿನಾಲ್ಕು ಲಕ್ಷ ಪೌಂಡಿಗೂ ಮೇಲೆ ಹೋಯಿತು.

ಸೈನ್ಯದ ಮ್ಯೂಸಿಯಮ್ಮಿನ ಬಾಗಿಲಲ್ಲಿ ಫಿರಂಗಿ ನಿಲ್ಲಿಸುವುದೂ ಒಂದು ಬರವಣಿಗೆಯೇ. ಕಾವ್ಯವನ್ನು ಕೇಳಿದ ಪ್ರಶ್ನೆಯನ್ನೇ ಅದಕ್ಕೂ ಕೇಳಬೇಕು. ಫಲಕದಲ್ಲಿ ಮಾಡಿಸಿದವನ ಹೆಸರು, ಗೆದ್ದವನ ಹೆಸರು, ಇಸವಿ, ಗುಂಡಿನ ತೂಕ. ಎರಕ ಹೊಯ್ದವರ ಹೆಸರು ಅಪರೂಪ. ಎಳೆದವರದ್ದಂತೂ ಇಲ್ಲವೇ ಇಲ್ಲ.

ಎಳೆದದ್ದು ಅಮೃತಮಹಲ್ ಎತ್ತುಗಳು ಅಂತ ಪುಸ್ತಕದವರು ಹೆಮ್ಮೆಯಿಂದ ಬರೆಯುತ್ತಾರೆ. ಸರಿ, ಎತ್ತಿಗಾದರೂ ಹೆಸರು ಸಿಕ್ಕಿತು! ಆ ಎತ್ತು ದಾರಿಯಲ್ಲಿ ಬಿದ್ದು ಸತ್ತಾಗ ಸುಲಿದವರು ಯಾರಪ್ಪ? ಊರ ಕಪಿಲೆಗೆ ಚರ್ಮ ಹದಮಾಡಿ ಮಿಣಿ ಹೊಸೆದುಕೊಟ್ಟದ್ದು ಮಾದಿಗರ ಕೇರಿ. ದಂಡಿನ ಬಾರು, ಮಿಣಿಗೆ ಬೇರೆ ಕೈ ಆಕಾಶದಿಂದ ಇಳಿದು ಬಂತೇ?

ನಮ್ಮ ಸೀಮೆಯನ್ನೇ ನೋಡಿ. 1761ರಲ್ಲಿ ಶಿರಾ ಹೈದರನ ಕೈಗೆ ಬಂತು. 1767ರಲ್ಲಿ ಶಿರಾ, ಮಧುಗಿರಿ ಎರಡೂ ಮರಾಠರದ್ದಾದವು. ಆಮೇಲೆ ಮತ್ತೆ ಮೈಸೂರಿನದು. ತೋಪು ಕೈ ಬದಲಾಯಿಸಿತು. ಕೇರಿ ಇದ್ದಲ್ಲೇ ಇತ್ತು. ಪಾವಗಡದ ಕೋಟೆಯ ಬುಡದಲ್ಲೂ ಇದೇ ಕತೆ.

ಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರ ಕಳಿಸಿದ ಫ್ರಾನ್ಸಿಸ್ ಬುಕಾನನ್ ಈ ಕಡೆ ಬಂದ. ಮಧುಗಿರಿ, ಚನ್ನರಾಯನದುರ್ಗದ ಸುತ್ತ ಹಳ್ಳದ ಕರಿಮರಳಿನಿಂದ ಕಬ್ಬಿಣ ಕರಗಿಸುವುದನ್ನು ಬರೆದುಕೊಂಡ. ಅವನಿಗೆ ಬೇಕಾಗಿದ್ದದ್ದು ಲೆಕ್ಕ, ಹುಟ್ಟುವಳಿ. ಆದರೂ ನಮ್ಮ ಜನರ ದುಡಿಮೆ ಕಾಗದಕ್ಕೆ ಬಂದದ್ದು ಆ ಪರಕೀಯನ ಲೆಕ್ಕದಲ್ಲಿ, ನಮ್ಮ ಆಸ್ಥಾನಕವಿಗಳಲ್ಲಿ ಅಲ್ಲ. ಇದು ನಮಗೆ ನಾಚಿಕೆಯ ಮಾತು.

2015ರಲ್ಲಿ ಸರ್ಕಾರ ಟಿಪ್ಪು ಜಯಂತಿ ಶುರುಮಾಡಿತು, 2019ರಲ್ಲಿ ಇನ್ನೊಂದು ಸರ್ಕಾರ ನಿಲ್ಲಿಸಿತು. ಹೊಗಳಿದವರೂ ಬೈದವರೂ ಅರಸನ ಸುತ್ತಲೇ ಸುತ್ತಿದರು. ಟಿಪ್ಪುವನ್ನು ಮತಾಂಧ ಎಂದಷ್ಟೇ ಹೇಳಿ ಕೈತೊಳೆದುಕೊಳ್ಳುವವರ ಜೊತೆ ನಾವಿಲ್ಲ. ಕಂಪನಿಯೊಡನೆ ಕಾದಾಡಿ ಸತ್ತವನು ಅವನು. ಹಾಗಂತ ಅವನ ಫಿರಂಗಿಯ ಹಿಂದೆ ಬೆವರಿದವರನ್ನು ಮರೆಯುವುದಕ್ಕೂ ನಾವು ತಯಾರಿಲ್ಲ.

ಫಿರಂಗಿ ವಾಪಸ್ ತರಬೇಕು ಅನ್ನುವವರಿದ್ದಾರೆ. ತರಲಿ. ತಂದು ಅದೇ ಫಲಕವನ್ನು ಕನ್ನಡದಲ್ಲಿ ಬರೆದು ನೇತುಹಾಕುವುದಾದರೆ ಅದು ಎಲ್ಲಿದ್ದರೇನು?

ಕೊರಟಗೆರೆ ಕಡೆಯ ಮೇಷ್ಟ್ರುಗಳು ಮಕ್ಕಳನ್ನು ಚನ್ನರಾಯನದುರ್ಗಕ್ಕೆ ಕರೆದೊಯ್ದಾಗ ಕೋಟೆಗಿಂತ ಮೊದಲು ಹಳ್ಳಕ್ಕೆ ಇಳಿಸಲಿ. ಒಂದು ಅಯಸ್ಕಾಂತ ಜೇಬಿನಲ್ಲಿರಲಿ. ಕರಿಮರಳು ಕಂಡರೆ ಹಿಡಿದು ನೋಡಲಿ.