ಬೈಲಕುಪ್ಪೆಯ ಚಪ್ಪಾಳೆ ಪಾಠ

ಗಾವಡಗೆರೆ ಕಡೆಯಿಂದ ಹುಣಸೂರು, ಪಿರಿಯಾಪಟ್ಟಣ ದಾಟಿ ಬೈಲಕುಪ್ಪೆಗೆ ಹೋದವರು ಸ್ವರ್ಣ ದೇವಾಲಯ ನೋಡಿ ಮರಳುತ್ತಾರೆ. ಅದೇ ಊರಿನಲ್ಲಿರುವ ಟಿಬೆಟಿಯನ್ ಬೌದ್ಧರ ಸೆರಾ ಮಠದ ವಾದದ ಅಂಗಳವನ್ನೂ ನೋಡಬೇಕು. 1419ರಲ್ಲಿ ಟಿಬೆಟಿನ ಲಾಸಾ ಬಳಿ ಹುಟ್ಟಿದ ಈ ವಿದ್ಯಾಪೀಠದ ಗುರುಗಳು 1959ರಲ್ಲಿ ದೇಶ ಬಿಟ್ಟು, ಬಂಗಾಳದ ಬಕ್ಸಾದಲ್ಲಿ ವರ್ಷಗಟ್ಟಲೆ ಇದ್ದು, 1970ರ ಹೊತ್ತಿಗೆ ಇಲ್ಲಿಗೆ ಬಂದರು. ಹಿಮದ ನಾಡಿನವರು ನಮ್ಮ ಬಿಸಿಲಲ್ಲಿ ಕಾಡು ಕಡಿದು, ಮುಸುಕಿನ ಜೋಳ ಬೆಳೆದು, ಅದರ ನಡುವೆಯೇ ಪಾಠ ಮುಂದುವರಿಸಿದರು.

ವಾದದ ರೂಪದ ಆ ಪಾಠದ ಕುಶಲತೆ ದೊಡ್ಡದು. ಉತ್ತರಿಸುವವನು ನೆಲದ ಮೇಲೆ ಕೂತಿರುತ್ತಾನೆ. ಕೇಳುವವನು ನಿಂತು, ಬಲಗೈ ಎತ್ತಿ, ಎಡಗಾಲು ಅಪ್ಪಳಿಸಿ, ಅಂಗೈಗೆ ಅಂಗೈ ಫಟ್ಟನೆ ಬಡಿದು ಪ್ರಶ್ನೆ ಎಸೆಯುತ್ತಾನೆ. ಉತ್ತರ ಚುಟುಕು: ಒಪ್ಪಿದೆ; ಯಾಕೆ?; ಕಾರಣ ಸಿದ್ಧವಾಗಿಲ್ಲ; ವ್ಯಾಪ್ತಿಯಿಲ್ಲ (ಅಂದರೆ ಆ ಕಾರಣದಿಂದ ಆ ತೀರ್ಮಾನ ಹೊರಡುವುದಿಲ್ಲ). ನುಣುಚಿಕೊಳ್ಳಲು ದಾರಿಯೇ ಇಲ್ಲ. ಬಾಯಿಪಾಠ ಮಾಡಿದ್ದು ಇಲ್ಲಿ ಪ್ರಶ್ನೆಗೆ ಸಿಕ್ಕಿ ಸ್ವಂತ ತಿಳಿವಳಿಕೆಯಾಗುತ್ತದೆ. ಮಠದ ಗೆಶೆ ಎಂಬ ವಿದ್ವತ್ ಪದವಿಗೆ ಸುಮಾರು 20 ವರ್ಷ ಹೀಗೆ ಪಳಗಬೇಕು.

ಮಠದ ಕಟ್ಟಡ ಬಿಟ್ಟು ಬಂದ ಗುರುಗಳು ಪ್ರಶ್ನೆ ಕೇಳುವ ವಿದ್ಯೆಯನ್ನು ಕೈಬಿಡಲಿಲ್ಲ. ನಮ್ಮೂರ ಶಾಲೆಗಳ ಮೇಷ್ಟ್ರುಗಳು ಮಕ್ಕಳನ್ನು ಒಮ್ಮೆ ಆ ಅಂಗಳಕ್ಕೆ ಕರೆದೊಯ್ಯಲಿ. ಎದ್ದು ನಿಂತು ಪ್ರಶ್ನಿಸುವುದೂ ಓದೇ ಎಂದು ಮಕ್ಕಳು ಕಣ್ಣಾರೆ ಕಾಣಲಿ.