ಕಾರ್ಮಿಕ ನ್ಯಾಯಾಧಿಕರಣವೂ ಸರ್ಕಾರದ ಹಸ್ತವೂ

ಕೊಳ್ಳೇಗಾಲದ ನೆರೆಯ ಮಧುವನಹಳ್ಳಿಯು 1956ನೆಯ ಇಸವಿ ನವೆಂಬರು 1ನೆಯ ತಾರೀಖಿನ ತನಕ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಹತ್ತಿರದ ಯಳಂದೂರಾದರೋ ದಿವಾನ್ ಪೂರ್ಣಯ್ಯನವರಿಗೆ ಸಂದ ಜಹಗೀರಾಗಿ ಮೈಸೂರು ಸಂಸ್ಥಾನದೊಳಗಿದ್ದಿತು. ಎರಡೂ ಕಡೆ ನುಡಿ ಒಂದೇ. ಆದರೆ ಕೂಲಿಯ ವ್ಯಾಜ್ಯ ಹುಟ್ಟಿದಲ್ಲಿ ಶಾಸನಗಳು ಬೇರೆ ಬೇರೆ. ಯಳಂದೂರಿಗೆ 1942ರ ಮೈಸೂರು ಲೇಬರ್ ಆಕ್ಟು. ಮಧುವನಹಳ್ಳಿಗೆ 1947ರ ಏಪ್ರಿಲ್ 1ರಿಂದ ಕೈಗಾರಿಕಾ ವಿವಾದಗಳ ಆಕ್ಟು. ಈ ಎರಡನೆಯದೇ ಮುಂದೆ ಇಡೀ ನಾಡನ್ನು ಆಳಿತಾದುದರಿಂದ ನಮ್ಮ ವಿಮರ್ಶೆಗೆ ಅದೇ ವಿಷಯವು.

ಆ ಆಕ್ಟಿನ ನ್ಯಾಯಾಧಿಕರಣಕ್ಕೆ ನ್ಯಾಯಾಲಯದ ಲಕ್ಷಣಗಳೆಲ್ಲವೂ ಇದ್ದವು, ಬಾಗಿಲೊಂದನ್ನು ಬಿಟ್ಟು. ಸಾಲದ ದಾವೆ ಹೂಡುವವನು ಮುನಸೀಫನ ಕಚೇರಿಗೆ ತಾನೇ ಹೋಗುವನು. ಕೂಲಿಗಾರರ ಸಂಘವು ಹಾಗೆ ಹೋಗುವಂತಿರಲಿಲ್ಲ. ರಾಜಿ ಅಧಿಕಾರಿಯ ವರದಿಯು ಸರ್ಕಾರವನ್ನು ಮುಟ್ಟಬೇಕು; ಹತ್ತನೆಯ ಪ್ರಕರಣದಂತೆ ಸರ್ಕಾರವು ವಿವಾದವನ್ನು ಒಪ್ಪಿಸಬೇಕು; ಆಮೇಲಲ್ಲವೆ ವಿಚಾರಣೆ! ಹೀಗೆ ಒಪ್ಪಿಸುವುದು ಆಡಳಿತದ ಕಾರ್ಯವೇ ಹೊರತು ನ್ಯಾಯನಿರ್ಣಯವಲ್ಲವೆಂದು ಸುಪ್ರೀಂ ಕೋರ್ಟು 1952ರಲ್ಲಿ ಸಾರಥಿಯವರ ಮೊಕದ್ದಮೆಯಲ್ಲಿ ಹೇಳಿತು. ಒಪ್ಪಿಸದಿದ್ದರೆ ಕಾರಣ ತಿಳಿಸಬೇಕೆಂಬುದು 1960ರ ಕೃಷ್ಣನ್ ಮೊಕದ್ದಮೆಯಲ್ಲಿ ಖಚಿತವಾಯಿತು. ಆ ನೆಪದಲ್ಲಿ ಸರ್ಕಾರವೇ ವ್ಯಾಜ್ಯದ ಗುಣದೋಷಗಳನ್ನು ತೀರ್ಮಾನಿಸಕೂಡದೆಂದು ಹೇಳಿಸಿಕೊಳ್ಳಲು 1989ರ ಟೆಲ್ಕೋ ಚಾಲಕರ ಮೊಕದ್ದಮೆಯೇ ಬರಬೇಕಾಯಿತು.

ಹುರುಳಿಲ್ಲದ ತಂಟೆಗಳನ್ನು ಸೋಸುವುದಕ್ಕೆ ಜರಡಿ ಬೇಡವೆ, ಎಂದು ಕೇಳುವವರುಂಟು. ಜರಡಿ ಬೇಕು, ನಿಜ. ಅದನ್ನು ಹಿಡಿದವನು ಒಮ್ಮೊಮ್ಮೆ ಧಣಿಯೂ ಆಗಿರುವನೆಂಬುದೇ ತೊಡಕು. ಮೈಸೂರಿನಲ್ಲಿ 1912ರಲ್ಲಿ ಸ್ಥಾಪಿತವಾದ ರೇಷ್ಮೆ ನೇಯ್ಗೆಯ ಕಾರ್ಖಾನೆಯು 1980ರಲ್ಲಿ ನಿಗಮದ ಕೈಸೇರುವವರೆಗೆ ಸರ್ಕಾರದ್ದೇ ಆಗಿದ್ದಿತು. ಅಂಥಲ್ಲಿ ಪ್ರತಿವಾದಿಯ ಅಪ್ಪಣೆ ಪಡೆದು ವಾದಿಯು ನ್ಯಾಯಸ್ಥಾನಕ್ಕೆ ಹೋಗಬೇಕಾಗುತ್ತದೆ! ಇನ್ನೂ ಮುಂದಕ್ಕೆ ನೋಡಿ: ತಾನು ಪಕ್ಷಗಾರನಾದ ವಿವಾದದ ತೀರ್ಪನ್ನು ಸಾರ್ವಜನಿಕ ಕಾರಣಗಳಿಂದ ತಡೆಯುವ, ತಿದ್ದುವ ಅಧಿಕಾರವನ್ನೂ ಹದಿನೇಳನೆಯ-ಎ ಪ್ರಕರಣವು ಸರ್ಕಾರಕ್ಕೆ ಕೊಟ್ಟಿದ್ದಿತು. ಆಂಧ್ರದ ಹೈಕೋರ್ಟು ಅದನ್ನು 1997ರಲ್ಲಿ ಅಸಿಂಧುವೆಂದಿತು. ಅದೇ ವರ್ಷ ಚಂದ್ರಕುಮಾರರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ನ್ಯಾಯಾಧಿಕರಣಗಳ ಮೇಲ್ವಿಚಾರಣೆಯು ಸ್ವತಂತ್ರ ಸಂಸ್ಥೆಯೊಂದಕ್ಕೆ ಸೇರಬೇಕೆಂದು ಸೂಚಿಸಿತು. ಕಟ್ಟಡ, ಗುಮಾಸ್ತೆ, ತೆರವಾದ ಪೀಠ, ಇವನ್ನು ಯಾರಾದರೂ ನೋಡಿಕೊಳ್ಳಲೇಬೇಕಷ್ಟೆ. ನೋಡಿಕೊಳ್ಳುವವನು ತೀರ್ಪಿಗೂ ಕೈಯಿಡಬಾರದು.

ನಮ್ಮ ಕರ್ನಾಟಕವು ಈ ವಿಷಯದಲ್ಲಿ ಮುಂದಾದುದನ್ನು ಹೇಳದಿದ್ದರೆ ಅನ್ಯಾಯವಾದೀತು. 1988ರಿಂದ ಜಾರಿಗೆ ಬಂದ ಇಲ್ಲಿಯ ತಿದ್ದುಪಡಿಯಂತೆ, ಕೆಲಸದಿಂದ ತೆಗೆಯಲ್ಪಟ್ಟವನು ಆರು ತಿಂಗಳೊಳಗಾಗಿ ತಾನೇ ಲೇಬರ್ ಕೋರ್ಟಿಗೆ ಅರ್ಜಿ ಕೊಡಬಹುದಾಯಿತು. ಕೇಂದ್ರದ ಶಾಸನವು ಆ ಮಾರ್ಗಕ್ಕೆ ಬಂದದ್ದು 2010ರಲ್ಲಿ. ಆದರೆ ಇದು ಒಬ್ಬೊಬ್ಬನ ವಜಾಕ್ಕೆ ಮಾತ್ರ. ಹತ್ತು ಜನರು ಕೂಡಿ ಕೂಲಿ ಹೆಚ್ಚಿಸಿರೆಂದರೆ ಹಳೆಯ ದಾರಿಯೇ ಗತಿಯಾಗಿದ್ದಿತು.

2025ರ ನವೆಂಬರು 21ರಂದು ಜಾರಿಗೆ ಬಂದ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯು ಈ ದಾರಿಯನ್ನು ತೆಗೆದುಹಾಕಿದೆ. ರಾಜಿ ಮುರಿದರೆ ಪಕ್ಷಗಾರರು ತೊಂಬತ್ತು ದಿನಗಳೊಳಗೆ ನೇರವಾಗಿ ನ್ಯಾಯಾಧಿಕರಣವನ್ನು ಸೇರಬಹುದು. ಇದು ಸ್ತುತ್ಯವೇ ಸರಿ. ಆದರೆ ಹೊರಬಾಗಿಲಲ್ಲಿ ಕಾವಲಿದ್ದವನನ್ನು ಒಳಗೆ ಕುಳ್ಳಿರಿಸಿದಂತಾಗಿದೆ: ನ್ಯಾಯಾಧಿಕರಣದಲ್ಲಿ ಈಗ ಇಬ್ಬರು ಸದಸ್ಯರು, ಒಬ್ಬನು ನ್ಯಾಯವರ್ಗದವನು, ಮತ್ತೊಬ್ಬನು ಸರ್ಕಾರದ ಜಂಟಿ ಕಾರ್ಯದರ್ಶಿಯ ದರ್ಜೆಗೆ ಕಡಮೆಯಿಲ್ಲದ ಅಧಿಕಾರಿ. ತೀರ್ಪನ್ನು ತಡೆಯುವ ಅಧಿಕಾರವೂ ಸಂಹಿತೆಯಲ್ಲಿ ಉಳಿದುಕೊಂಡಿದೆ. ವಜಾ, ಕಡಿತ, ಕಾರ್ಖಾನೆಯ ಮುಚ್ಚುವಿಕೆ, ಮುಷ್ಕರದ ಸಿಂಧುತ್ವ ಮೊದಲಾದವು ಇಬ್ಬರ ಮುಂದೆ ಬರತಕ್ಕವು. ಮಿಕ್ಕವು ಒಬ್ಬನ ಮುಂದೆ. ಆ ಒಬ್ಬನು ಆಡಳಿತದ ಸದಸ್ಯನೇ ಆಗಿರಲು ಅಡ್ಡಿಯಿಲ್ಲ. ಮಧುವನಹಳ್ಳಿಯ ಕಡೆಯ ಕೆಲಸಗಾರನ ವ್ಯಾಜ್ಯವು ಬಹುಮಟ್ಟಿಗೆ ಕೂಲಿಯದೇ. ಕೂಲಿಯು ಈ ಮಿಕ್ಕವುಗಳಲ್ಲಿ ಸೇರಿದೆ.