ಹತ್ತಕ್ಕಿಂತ ಎರಡು ದೊಡ್ಡದಾ?

1, 10, 11, 2, 20, 3. ಈ ಸಾಲನ್ನ ನೀವೂ ನೋಡಿರ್ತೀರಿ. ಟೇಬಲ್ಲಿನ ತಲೆಬರಹದ ಮೇಲೆ ಕ್ಲಿಕ್ ಮಾಡಿದರೆ, ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದ್ದೀನಿ ಅಂತ ಪುಟ್ಟ ಬಾಣವೂ ಮೂಡುತ್ತೆ. ನಮ್ಮೂರ ಸಂತೆಯಲ್ಲಿ ಬದನೆಕಾಯಿ ಮಾರೋ ಅಜ್ಜಿಗೆ ತೋರಿಸಿದರೆ ನಕ್ಕುಬಿಡ್ತಾಳೆ. ನಾವು ಮಾತ್ರ ಒಪ್ಪಿಕೊಂಡು ಮುಂದೆ ಹೋಗ್ತೀವಿ.

ಕಾರಣ ಗುಟ್ಟಿನದ್ದೇನಲ್ಲ. ಪ್ರೋಗ್ರಾಂ ಅಂಕಿಗಳನ್ನು ಪದಗಳಂತೆ ಓದುತ್ತಿದೆ. ನಿಘಂಟಿನ ಹಾಗೆ ಮೊದಲ ಅಕ್ಷರ ಹೋಲಿಸಿ, 1 ಮೊದಲು, 2 ಆಮೇಲೆ ಅಂತ ತೀರ್ಮಾನಿಸುತ್ತೆ. ಕನ್ನಡ ಅಂಕಿಯಲ್ಲಿ ಬರೆದರೂ ಅಷ್ಟೇ, ೧೦ ಹೋಗಿ ೨ರ ಮುಂದೆ ಕೂರುತ್ತೆ.

ನನ್ನ ತಕರಾರು ಇರೋದು ಟೂಲ್‌ಕಿಟ್‌ಗಳ ಮೇಲೆ. ಜಾವಾ ಸ್ವಿಂಗ್‌ನ ಜೆಟೇಬಲ್ ತೆಗೆದುಕೊಳ್ಳಿ. 2006ರ ಜಾವಾ 6ರಲ್ಲಿ ಅದಕ್ಕೆ ಟೇಬಲ್‌ರೋಸಾರ್ಟರ್ ಬಂತು, ಒಳ್ಳೆಯದೇ. ಆದರೆ ಡೀಫಾಲ್ಟ್ ಮಾಡೆಲ್‌ನಲ್ಲಿ ನೀವು ಅಪ್ಪಟ ಇಂಟಿಜರ್ ತುಂಬಿದರೂ, ಗೆಟ್‌ಕಾಲಮ್‌ಕ್ಲಾಸ್ ಬರೆದು ಹೇಳದಿದ್ದರೆ, ಅದು ಸಂಖ್ಯೆಯನ್ನು ಅಕ್ಷರ ಮಾಡಿಕೊಂಡೇ ಹೋಲಿಸುತ್ತೆ. ಕೈಯಲ್ಲಿ ಸಂಖ್ಯೆ ಇಟ್ಟುಕೊಂಡೂ ಕುರುಡಾಗೋದು ಅಂದರೆ ಇದು. ಕ್ಯೂಟಿಯ ಟೇಬಲ್‌ವಿಜೆಟ್ ಸ್ವಲ್ಪ ಪ್ರಾಮಾಣಿಕ: ಪಠ್ಯ ಕೊಟ್ಟರೆ ಪಠ್ಯದಂತೆ, ಸೆಟ್‌ಡೇಟಾ ಮೂಲಕ ಸಂಖ್ಯೆ ಕೊಟ್ಟರೆ ಸಂಖ್ಯೆಯಂತೆ ಜೋಡಿಸುತ್ತೆ. ಆದರೆ ಸುಲಭದ ದಾರಿ ಪಠ್ಯದ್ದೇ, ಅವಸರದಲ್ಲಿ ಎಲ್ಲರೂ ಹಿಡಿಯೋದು ಅದನ್ನೇ.

"ಸಣ್ಣ ಬಗ್ ಬಿಡ್ರೀ" ಅಂತೀರಾ? ಬೆಳೆ ಹಾನಿಯ ಪಟ್ಟಿಯೊಂದನ್ನು ಊಹಿಸಿಕೊಳ್ಳಿ. ದೊಡ್ಡ ನಷ್ಟ ಮೇಲೆ ಬರಲಿ ಅಂತ ಜೋಡಿಸಿದರೆ 9,500 ರೂಪಾಯಿಯವನು ಮೊದಲು, 85,000ದವನು ಆಮೇಲೆ, 1,20,000 ಕಳೆದುಕೊಂಡವನು ಕೊನೆಗೆ. ಮೇಲಿನ ಹತ್ತು ಹೆಸರು ತೆಗೆದು ಕಡತ ಮುಂದೆ ಹೋದರೆ, ಹೆಚ್ಚು ಸೋತವನೇ ಹೊರಗೆ. ಎರರ್ ಇಲ್ಲ, ಕ್ರ್ಯಾಶ್ ಇಲ್ಲ. ಸಾವಿರ ಸಾಲಿನ ಪಟ್ಟಿಯಲ್ಲಿ ಯಾರ ಕಣ್ಣಿಗೂ ಬೀಳಲ್ಲ. ಬಿದ್ದುಹೋಗುವ ಪ್ರೋಗ್ರಾಂಗಿಂತ ಇದು ಅಪಾಯ.

ಹಾಗಂತ ಎಲ್ಲವನ್ನೂ ಪ್ರೋಗ್ರಾಂ ತಾನೇ ಊಹಿಸಲಿ ಅಂತ ನಾನು ಹೇಳಲ್ಲ. ಪಹಣಿಯ ಸರ್ವೆ ನಂಬರ್ 12/2 ಅಂತ ಎಕ್ಸೆಲ್‌ನಲ್ಲಿ ಟೈಪ್ ಮಾಡಿ ನೋಡಿ, ಜಮೀನು ಹೋಗಿ ತಾರೀಖಾಗಿರುತ್ತೆ. ಅದೇ ಎಕ್ಸೆಲ್ ಇನ್ನೊಂದು ಕಡೆ ಜಾಣತನ ತೋರಿಸಿದೆ: ಪಠ್ಯವಾಗಿ ಕೂತ ಸಂಖ್ಯೆಗೆ ಹಸಿರು ತ್ರಿಕೋನ ಹಚ್ಚುತ್ತೆ, ಸಾರ್ಟ್ ಮಾಡೋವಾಗ "ಇವನ್ನೂ ಸಂಖ್ಯೆಯಂತೆ ಜೋಡಿಸಲಾ?" ಅಂತ ಕೇಳುತ್ತೆ. ವಿಂಡೋಸ್ ಎಕ್ಸ್‌ಪ್ಲೋರರ್ ಅಂತೂ 2001ರ ಎಕ್ಸ್‌ಪಿಯಿಂದಲೇ ಫೋಟೋ 2 ಆದಮೇಲೆ ಫೋಟೋ 10 ಇಡುತ್ತಿದೆ. ಅಂದರೆ ಇದು ಬಿಡಿಸಲಾಗದ ಕಗ್ಗಂಟಲ್ಲ.

ಕಾಲಮ್ಮಿನಲ್ಲಿ ಏನಿದೆ ಅಂತ ಅದನ್ನ ಕಟ್ಟಿದವನಿಗೆ ಗೊತ್ತಿರುತ್ತೆ. ತೋರಿಸೋದು ಬೇರೆ, ಹೋಲಿಸೋದು ಬೇರೆ. ಅಲ್ಪವಿರಾಮ, ರೂಪಾಯಿ ಚಿಹ್ನೆ ಕಣ್ಣಿಗಿರಲಿ, ಹೋಲಿಕೆಗೆ ಬರಿ ಸಂಖ್ಯೆ ಸಾಕು. ಟೂಲ್‌ಕಿಟ್ ಕಾಲಮ್ ಕಟ್ಟುವಾಗಲೇ ಇದನ್ನ ಕಡ್ಡಾಯವಾಗಿ ಕೇಳಬೇಕಿತ್ತು, ಸುಮ್ಮನೆ ಪಠ್ಯ ಅಂದುಕೊಳ್ಳಬಾರದಿತ್ತು. ಅದು ಕೇಳೋವರೆಗೆ ನಾವೇ ಕೇಳೋಣ. ರಿಲೀಸ್‌ಗೆ ಮುಂಚೆ ಆ ಕಾಲಮ್ಮಿಗೆ 2, 10, 100, ಮೈನಸ್ 5, ಒಂದು ಖಾಲಿ ಜಾಗ ತುಂಬಿ, ತಲೆಬರಹದ ಮೇಲೆ ಎರಡು ಸಲ ಕ್ಲಿಕ್ ಮಾಡಿ. ಅರ್ಧ ನಿಮಿಷದ ಕೆಲಸ.